ಶೋರೂಮ್ ಬಿಟ್ಟು ಬಾರದ ಟಿವಿ

ಹದಿನಾಲ್ಕೂವರೆ ಸಾವಿರ. ನಲವತ್ತಮೂರು ಇಂಚಿನ ಟಿವಿಗೆ ನಾನು ಕೊಟ್ಟದ್ದು ಅಷ್ಟು. ಪೆಟ್ಟಿಗೆ ಒಡೆಯದ ಹೊಸ ಟಿವಿಯೇ ಬೇಕೆಂದರೆ ಇಪ್ಪತ್ತೆರಡು ಎಂದು ನಾಗಪುರದ ಸೀತಾಬರ್ಡಿ ಪೇಟೆಯ ಅಂಗಡಿಯವನು ಹೇಳಿದ್ದ. ನನ್ನದು ಗಿರಾಕಿಗಳಿಗೆ ತೋರಿಸಲು ಗೋಡೆಗೆ ತೂಗುಹಾಕಿದ್ದ ಡಿಸ್‌ಪ್ಲೇ ಪೀಸು. ಅದಕ್ಕೆ ಪೆಟ್ಟಿಗೆ ಇಲ್ಲ, ಪುಸ್ತಕ ಇಲ್ಲ, ರಿಮೋಟಿನ ಹಿಂಬದಿಯ ಮುಚ್ಚಳವೂ ಇಲ್ಲ. ಇಲ್ಲ ಎನ್ನುವ ಒಂದೊಂದಕ್ಕೂ ಐನೂರು, ಸಾವಿರ ಇಳಿಸುತ್ತಾ ಬಂದೆ. ಮುಚ್ಚಳಕ್ಕೆ ಇಳಿಸಿದ ಐನೂರು ಇವತ್ತಿಗೂ ನನಗೆ ಖುಷಿ ಕೊಡುತ್ತದೆ. ರಬ್ಬರ್ ಬ್ಯಾಂಡು ಹಾಕಿದರೆ ಸೆಲ್ಲು ಎಲ್ಲಿಗೆ ಹೋಗುತ್ತದೆ?

ಟಿವಿ ಬೇಕಾದದ್ದು ಧಾರಾವಾಹಿಗಲ್ಲ, ಕಂಪ್ಯೂಟರಿಗೆ. ಮನೆಯಲ್ಲಿ ಪರದೆ ಇಲ್ಲದ ಒಂದು ಕಂಪ್ಯೂಟರ್ ಬಿದ್ದಿತ್ತು. ಅಂಗಡಿಯಲ್ಲಿ ಮಾನಿಟರ್ ಕೇಳಿದರೆ ಇಪ್ಪತ್ತನಾಲ್ಕು ಇಂಚಿನದಕ್ಕೇ ಹನ್ನೊಂದು ಸಾವಿರ ಎಂದರು. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಇನ್ನು ಮೂರೂವರೆ ಸೇರಿಸಿದರೆ ಹೆಚ್ಚುಕಡಿಮೆ ಎರಡರಷ್ಟು ಅಗಲ, ಒಳಗೇ ಸ್ಪೀಕರು, ಸಂಜೆಗೆ ಸುದ್ದಿ, ಮೇಲೆ ಆಟ. ಲಾಭ ಇಷ್ಟು ಕಣ್ಣಿಗೆ ಹೊಡೆಯುವಂತಿದ್ದರೂ ಜನ ಏಕೆ ಮಾನಿಟರ್ ಕೊಳ್ಳುತ್ತಾರೆ ಎಂದು ಅವತ್ತು ನನಗೆ ನಗು ಬಂದಿತ್ತು. ಏಕೆಂದು ತಿಳಿಯಲು ಏಳು ವಾರ ಹಿಡಿಯಿತು. ಅಷ್ಟರಲ್ಲಿ ನನ್ನ ಗಂಡ ತಮ್ಮ ಬಲಗೈಯನ್ನೇ ನಂಬದ ಸ್ಥಿತಿಗೆ ಬಂದಿದ್ದರು.

ನನ್ನ ಕಸುಬು ಹೇಳಿದರೆ ಈ ಲೆಕ್ಕ ನಿಮಗೆ ಅರ್ಥವಾದೀತು. ಗದಗದಿಂದ ಮದುವೆಯಾಗಿ ನಾಗಪುರಕ್ಕೆ ಬಂದಾಗ ನನಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು. ಗಂಡ ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಾರೆ. ನಮ್ಮ ಕ್ವಾರ್ಟರ್ಸಿನ ಸುತ್ತಮುತ್ತ, ಸೈನ್ಯದ ದಂಡಿರುವ ಕಾಮಠಿಯ ಕಡೆಗೂ, ಎರಡು ಮೂರು ವರ್ಷಕ್ಕೊಮ್ಮೆ ಊರು ಬಿಡುವ ಜನವೇ ಹೆಚ್ಚು. ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ವರ್ಗದ ಕಾಗದ ಬರುತ್ತದೆ. ಲಾರಿಯಲ್ಲಿ ಹಿಡಿಯದ ಸಾಮಾನನ್ನೆಲ್ಲ ಅವರು ಅರ್ಧ ಬೆಲೆಗೆ ಬಿಟ್ಟು ಹೋಗುತ್ತಾರೆ. ಕೂಲರು, ಕಪಾಟು, ಕಬ್ಬಿಣದ ಮಂಚ, ಹೆಸರು ಬರೆಸಿದ ಕಪ್ಪು ಟ್ರಂಕು. ಅದೇ ತಿಂಗಳು ಹೊಸಬರು ಬಂದಿಳಿದು ಅದೇ ಸಾಮಾನು ಹುಡುಕುತ್ತಾರೆ. ಇವರಿಂದ ಕೊಂಡು ಅವರಿಗೆ ಮಾರುವುದು ನನ್ನ ಕೆಲಸ. ಮೊದಲ ಕೂಲರನ್ನು ಪಕ್ಕದ ಮನೆಯ ಬಾಗಿಲಿನಿಂದ ಎದುರು ಮನೆಯ ಬಾಗಿಲಿಗೆ ನಾನೇ ಎಳೆದುಕೊಂಡು ಹೋಗಿದ್ದೆ. ಈಗ ಟೆಂಪೋ ಬರುತ್ತದೆ.

ಈ ಕಸುಬಿನಲ್ಲಿ ನನಗೊಂದು ಕಟ್ಟುನಿಟ್ಟಿದೆ. ಬಂದ ವಸ್ತು ಹೇಗೆ ಬಂದಿದೆಯೋ ಹಾಗೇ ಇರಬೇಕು. ಅಂಟಿಸಿದ ಚೀಟಿ ಕೀಳಬಾರದು, ಗಾಜಿನ ಮೇಲಿನ ಪ್ಲಾಸ್ಟಿಕ್ ಸುಲಿಯಬಾರದು, ಒಳಗಿನ ಸೆಟ್ಟಿಂಗ್ ಮುಟ್ಟಬಾರದು. ಮುಟ್ಟಿದರೆ ನಾಳೆ ಕೊಳ್ಳುವವನು ಅದನ್ನೇ ತೋರಿಸಿ ಬೆಲೆ ಇಳಿಸುತ್ತಾನೆ. ಹೇಗೆ ಇಳಿಸುತ್ತಾನೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪರದೆ ಇಲ್ಲದ ಆ ಕಂಪ್ಯೂಟರೂ ಹೀಗೇ ಬಂದದ್ದು. ವಾಯುಪಡೆಯ ಒಂದು ಸಂಸಾರ ಸಾಮಾನು ಕಟ್ಟುವಾಗ ಮಾನಿಟರ್ ಒಡೆದುಕೊಂಡಿತ್ತು. ಸಿಪಿಯು ಡಬ್ಬಿ ಮತ್ತು ಎರಡೂ ಕೈಯಲ್ಲಿ ಹಿಡಿದು ಆಡುವ ಜಾಯ್‌ಸ್ಟಿಕ್ ಎರಡನ್ನೂ ನನಗೆ ಕೊಟ್ಟು ಹೋದರು. ಒಳಗೆ ಅವರ ಮಕ್ಕಳು ಆಡುತ್ತಿದ್ದ ಕ್ರಿಕೆಟ್ ಆಟವೊಂದು ಹಾಗೇ ಉಳಿದಿತ್ತು. ಪರದೆ ಇಲ್ಲದ ಕಂಪ್ಯೂಟರನ್ನು ಯಾರೂ ಕೊಳ್ಳುವುದಿಲ್ಲ. ಅದು ಮಂಚದ ಕೆಳಗೆ ಸೇರಿತು.

ಆ ಹೊತ್ತಿಗೇ ಗಂಡ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದಾಗ ಕೈ ಒಣಗಿದ ನುಗ್ಗೆಕಾಯಿಯ ಹಾಗಿತ್ತು. ವ್ಯಾಯಾಮ ಹೇಳಿಕೊಡುವವರು ಮೆತ್ತನೆಯ ಚೆಂಡೊಂದನ್ನು ಕೊಟ್ಟು ದಿನಕ್ಕೆ ನಾಲ್ಕು ಸಲ ಹಿಸುಕಿ ಎಂದರು. ಇವರು ಎರಡು ದಿನ ಹಿಸುಕಿ ಮೂರನೆಯ ದಿನ ಅದನ್ನು ಗೋಡೆಗೆ ಎಸೆದರು. ಇಪ್ಪತ್ತೆರಡು ವರ್ಷ ಯಂತ್ರದ ಮುಂದೆ ನಿಂತ ಮನುಷ್ಯ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ಅಂಥವರ ಹೆಂಡತಿಯರನ್ನೇ ಕೇಳಬೇಕು. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಬಾಗಿಲ ಚಿಲಕ ಬಿಚ್ಚಿ ಎಣ್ಣೆ ಹಾಕಿದರು, ಮರುದಿನ ಮತ್ತೆ ಬಿಚ್ಚಿದರು. ಮಣಿಕಟ್ಟಿಗೂ ಬೆರಳಿಗೂ ಕೆಲಸ ಸಿಗಲಿ, ನನ್ನ ಡಬ್ಬಿಗಳಿಗೆ ಬಿಡುಗಡೆ ಸಿಗಲಿ ಎಂದು ಆ ಕ್ರಿಕೆಟ್ ನೆನಪಾಯಿತು. ಇವರು ಒಂದು ಕಾಲಕ್ಕೆ ಕಾರ್ಖಾನೆಯ ತಮ್ಮ ವಿಭಾಗದ ತಂಡಕ್ಕೆ ಮೊದಲ ಬ್ಯಾಟುಗಾರರು.

ಟಿವಿ ಅಂಗಡಿಗೆ ಇವರೂ ಬಂದಿದ್ದರು. "ಡಿಸ್‌ಪ್ಲೇ ಪೀಸ್ ಬ್ಯಾಡ. ದಿನಾ ಹನ್ನೆರಡು ತಾಸು ಓಡಿದ್ದು ಅದು," ಎಂದರು.

"ನಿಮ್ಮ ಲೇತ್ ಎಷ್ಟ ತಾಸು ಓಡತೈತ್ರಿ? ಓಡೂದ ಗಟ್ಟಿ ಇರತೈತಿ, ಸುಮ್ನ ಇರ್ರಿ," ಎಂದೆ.

ಅಂಗಡಿಯವನ ಮುಂದೆ ನನ್ನದೊಂದು ಪರೀಕ್ಷೆ ಇದೆ. ಪರದೆಯ ಬೆಳಕು ಇಳಿಸಿ ನೋಡಬೇಕು. ಹಳೆಯ ಪರದೆಯಲ್ಲಿ ಕಲೆ ಇದ್ದರೆ ಮಬ್ಬಿನಲ್ಲಿ ಕಾಣುತ್ತದೆ. ಅವನು ರಿಮೋಟು ಒತ್ತಿ ಇಳಿಸಿದ. ಕಲೆ ಇರಲಿಲ್ಲ. ನಾವು ಬೆಲೆಗೆ ಇಳಿದೆವು.

"ಭಾಭೀ, ಇಸ್ಸೆ ಕಮ್ ನಹೀಂ ಹೋಗಾ," ಎಂದು, ಇನ್ನು ಬೆಲೆ ಇಳಿಯದೆಂದು, ಅವನು ಮೂರನೆಯ ಸಲ ಹೇಳುವ ಹೊತ್ತಿಗೆ ಟಿವಿ ತಾನಾಗಿಯೇ ಮತ್ತೆ ಝಗ್ಗೆಂದು ಹೊಳೆಯಿತು. ಪರದೆಯೊಳಗಿನ ಹುಲ್ಲು ಗಿಳಿಹಸಿರು, ಆಕಾಶ ನೀಲಿ. ಯಾರೂ ಏನೂ ಒತ್ತಿರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಒಳ್ಳೆಯ ಟಿವಿ, ತನಗೆ ಬೇಕಾದ ಬೆಳಕನ್ನು ತಾನೇ ತಂದುಕೊಳ್ಳುತ್ತದೆ ಎಂದುಕೊಂಡೆ. ಬಾಯಿ ಬಿಟ್ಟು ಹೇಳಲಿಲ್ಲ. ಹೊಗಳಿದರೆ ಬೆಲೆ ಏರುತ್ತದೆ.

ಮನೆಗೆ ತಂದು ಕಪ್ಪು ಟ್ರಂಕಿನ ಮೇಲೆ ಇಟ್ಟೆವು. ಕೂಡಿಸಲು ಬಂದವನು ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, ರಿಮೋಟಿನಲ್ಲಿ ಗೇಮ್ ಮೋಡ್ ಎಂಬುದನ್ನು ಹುಡುಕಿ ತೋರಿಸಿದ. ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ತೋರಿಸುತ್ತದಂತೆ, ಅದಕ್ಕೆ ಕ್ಷಣ ತಡವಾಗುತ್ತದಂತೆ. ಸಿನಿಮಾ ನೋಡುವವರಿಗೆ ಅದು ತಿಳಿಯುವುದೇ ಇಲ್ಲ, ಆಡುವವರಿಗೆ ತಿಳಿಯುತ್ತದೆ. ಗೇಮ್ ಮೋಡಿನಲ್ಲಿ ಆ ಸಿಂಗಾರವೆಲ್ಲ ಬಿಟ್ಟು ಬಂದ ಚಿತ್ರವನ್ನು ಬಂದ ಹಾಗೇ ತೋರಿಸುತ್ತದೆ. "ಡಿಸ್‌ಪ್ಲೇ ಪೀಸು ಮರೆತುಬಿಡುತ್ತದೆ, ಹಚ್ಚಿದಾಗಲೆಲ್ಲ ಇದನ್ನು ಹಾಕಿಕೊಳ್ಳಿ," ಎಂದು ಹೇಳಿ ಹೋದ. ಎಷ್ಟು ಹೊತ್ತಿಗೆ ಮರೆಯುತ್ತದೆ ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ.

ನನ್ನ ಗಂಡ ಹೇಳಿದ್ದನ್ನು ಹೇಳಿದಂತೆ ಮಾಡುವವರು. ಮೊದಲು ಸ್ವಿಚ್ಚು, ಆಮೇಲೆ ಗೇಮ್ ಮೋಡ್, ಆಮೇಲೆ ಕುರ್ಚಿ. ಲೇತ್ ಮೇಲೂ ಅದೇ ಶಿಸ್ತು. ಕೆಲಸ ಶುರುವಾಗುವ ಮುಂಚೆ ಅಳತೆ ಕೂಡಿಸಬೇಕು. ಯಂತ್ರ ತಿರುಗತೊಡಗಿದ ಮೇಲೆ ಕೂಡಿಸಿದ ಅಳತೆಯನ್ನು ಮುಟ್ಟುವವನು ಕೆಲಸಗಾರನೇ ಅಲ್ಲ.

ಮೊದಲ ದಿನ ಎರಡು ಓವರ್ ಚೆನ್ನಾಗಿ ಹೊಡೆದರು. ನಾಲ್ಕು, ಎರಡು, ಮತ್ತೆ ನಾಲ್ಕು. ಮೂರನೆಯ ಓವರಿನಲ್ಲಿ ಬೌಲ್ಡ್. ಮುಂದಿನ ಆಟಗಾರನೂ ಬೌಲ್ಡ್. ಬ್ಯಾಟು ಬೀಸುವ ಮುಂಚೆಯೇ ಚೆಂಡು ಹೋಗಿಬಿಡುತ್ತಿತ್ತು. ನಾನು ಉತ್ಸಾಹದಿಂದ ಹೇಳಿದೆ: "ರೂಢಿ ಆಗತೈತ್ರಿ."

ರೂಢಿ ಆಗಲಿಲ್ಲ. ವಾರವಾದರೂ ಅದೇ ಕಥೆ. ಮೊದಲ ಎರಡು ಓವರಿಗೆ ಇಪ್ಪತ್ತು ಓಟ, ಆಮೇಲೆ ಪ್ರತಿ ಚೆಂಡಿಗೂ ತಡ. ಕರೆಂಟು ಉಳಿಸಲೆಂದು ಟಿವಿ ಆರಿಸಿ, ಕೈಗೆ ಬಿಸಿನೀರು ಹಾಕಿಕೊಂಡು, ಹತ್ತು ನಿಮಿಷ ಬಿಟ್ಟು ಅದೇ ಕ್ರಮದಲ್ಲಿ ಹಚ್ಚಿ ಕೂತರೆ ಮತ್ತೆ ಎರಡು ಓವರ್ ಸರಿ. ಮತ್ತೆ ಮೂರನೆಯದರಲ್ಲಿ ತಡ.

"ವಿಶ್ರಾಂತಿ ಕೊಟ್ರ ಕೆಲಸ ಮಾಡತೈತಿ. ಐದ ಮಿನಿಟಿಗೆ ದಣೀತೈತಿ," ಎಂದು ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಒಂದು ದಿನ ಮಾತ್ರ ಅವರಿಗೇ ಅನುಮಾನ ಬಂತು. ಜಾಯ್‌ಸ್ಟಿಕ್ ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ಏ, ಈ ಟಿವಿನ ತಡಾ ಮಾಡಾಕತ್ತೈತೇನ?"

ಆಗ ನಾನು ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಟಿವಿಗೆ ಏನ್ ಆಗೇತ್ರಿ? ಮದಲ ಎರಡ ಓವರಿಗೂ ಇದ ಟಿವಿ ಇತ್ತಲ್ಲಾ? ನಿಮ್ಮ ಕೈ ಇನ್ನಾ ಬಲತಿಲ್ಲ, ಅಷ್ಟ. ನನ್ನ ಟಿವಿಗೆ ಹೆಸರ ಇಡಬ್ಯಾಡ್ರಿ."

ಅವರು ಮತ್ತೆ ಕೇಳಲಿಲ್ಲ. ನನ್ನ ಮಾತಿನಲ್ಲಿ ತರ್ಕವಿತ್ತು, ಅದೇ ಕೆಟ್ಟದ್ದಾಯಿತು. ಚೌಕಾಸಿಯಲ್ಲಿ ಪಳಗಿದ ಬಾಯಿ ಮನೆಯಲ್ಲೂ ಗೆದ್ದೇ ಗೆಲ್ಲುತ್ತದೆ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಇವರ ಜೊತೆ ಕೆಲಸ ಮಾಡುವ ಬೆಳಗಾವಿಯವನೊಬ್ಬ ತರ್ರಿ ಪೋಹೆಯ, ಅಂದರೆ ಖಾರದ ರಸ ಸುರಿದ ಅವಲಕ್ಕಿಯ, ಪೊಟ್ಟಣ ಹಿಡಿದುಕೊಂಡು ಬಂದ. ಇವರನ್ನು ಅಣ್ಣಾ, ನನ್ನನ್ನು ವೈನಿ ಎನ್ನುವವನು. ಪೊಟ್ಟಣದ ಜೊತೆ ಒಂದು ಅರ್ಜಿಯೂ ಇತ್ತು. ಹಗುರ ಕೆಲಸ ಬೇಕೆಂದು ಬರೆದುಕೊಟ್ಟರೆ ಯಂತ್ರದಿಂದ ತೆಗೆದು ಸ್ಟೋರಿಗೆ ಹಾಕುತ್ತಾರೆ. ಸೋಮವಾರದೊಳಗೆ ಕೊಡಬೇಕು. ಕೊಡದಿದ್ದರೆ ಕಾರ್ಖಾನೆಯ ಡಾಕ್ಟರು ಕೈ ಪರೀಕ್ಷಿಸಿ ಯಂತ್ರಕ್ಕೆ ಮರಳಿಸುತ್ತಾರೆ, ಇಲ್ಲದಿದ್ದರೆ ಆಗದು ಎನ್ನುತ್ತಾರೆ.

"ಅಣ್ಣಾ, ಸಹಿ ಹಾಕ್ರಿ. ಸ್ಟೋರಿನಾಗ ಕೂಲರ್ ಮುಂದ ಕುಂತು ಕೈಗವಸ ಹಂಚೂದು. ಪಗಾರ ಬರೋಬರ್ ಬರತೈತಿ," ಎಂದ.

"ಕೈಗವಸ ಹಂಚಾಕ ಕೈ ಬೇಕಲ್ಲೋ," ಎಂದರು ಇವರು. ನಗಲಿಲ್ಲ.

"ವೈನಿ, ನೀವರ ಹೇಳ್ರಿ."

ಒಮ್ಮೆ ಯಂತ್ರ ಬಿಟ್ಟವರು ಮತ್ತೆ ಯಂತ್ರಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಸ್ಟೋರಿನಲ್ಲಿ ಕೂತವರನ್ನು ಕಂಡಿದ್ದೇನೆ. ಆರು ತಿಂಗಳಿಗೆ ಹೊಟ್ಟೆ ಬರುತ್ತದೆ, ಆಮೇಲೆ ಮಾತು ಕಡಿಮೆಯಾಗುತ್ತದೆ. ಇವರಿಗೋ, ಕೂದಲೆಳೆಯ ಅಷ್ಟು ತೆಳ್ಳಗೆ ಕಬ್ಬಿಣ ಕೊರೆದು ತೆಗೆದದ್ದನ್ನು ಜೇಬಿನಲ್ಲಿಟ್ಟುಕೊಂಡು ಬಂದು ನನಗೆ ತೋರಿಸುವ ಚಟ. ಮೊದಲ ವರ್ಷ ನನಗೆ ತಂದುಕೊಟ್ಟ ಉಡುಗೊರೆ ಅದೇ, ಸುರುಳಿ ಸುತ್ತಿದ ಕಬ್ಬಿಣದ ಎಳೆ.

"ಡಾಕ್ಟರು ನೋಡಲಿ ಬಿಡ್ರಿ," ಎಂದೆ.

"ಡಾಕ್ಟರೇನ್ ನೋಡತಾನ? ಎರಡ ಮಿನಿಟ್ ಹಿಡದ ನೋಡತಾನ. ಎರಡ ಮಿನಿಟಿಗೆ ಈ ಕೈ ಚಲೋನ ಇರತೈತಿ. ಲೇತಿನ ತಿರುಗೂ ಚಕ್ಕಿನ ಮುಂದ ಆರನೇ ಮಿನಿಟಿಗೆ ತಡ ಆದ್ರ ಬೆರಳ ಹೋಗತಾವ," ಎಂದರು ಇವರು.

ಬೆಳಗಾವಿಯವನು ಹೊರಟುಹೋದ. ಅರ್ಜಿಯನ್ನು ಟಿವಿಯ ಕೆಳಗೆ, ಟ್ರಂಕಿನ ಮೇಲೆ ಇಟ್ಟಿದ್ದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಳಮನಾ ಮಾರುಕಟ್ಟೆಯಿಂದ ತಂದ ಮಾವಿನಕಾಯಿ ಇತ್ತು. ಉಪ್ಪಿನಕಾಯಿಗೆ ಹೆಚ್ಚುವ ಮನಸ್ಸಿಲ್ಲದಿದ್ದರೂ ಈಳಿಗೆ ತಂದು ನಡುಮನೆಯ ಮೂಲೆಯಲ್ಲಿ ಹಾಕಿಕೊಂಡು ಕೂತೆ. ಎದ್ದು ಉಪ್ಪು ತಂದೆ, ಮತ್ತೆ ಎದ್ದು ಡಬ್ಬಿ ತಂದೆ. ಬಿಸಿಲಿಗೆ ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿದ್ದೆವು.

"ಇದೊಂದ್ ಸಲ ನೋಡತೇನಿ. ಹತ್ತ ಓವರ್ ಹೊಡದ್ರ ಸಹಿ ಇಲ್ಲ. ಇಲ್ಲಂದ್ರ ಹಾಕಿಬಿಡತೇನಿ," ಎಂದು ಟಿವಿ ಹಚ್ಚಿದರು. ಸ್ವಿಚ್ಚು, ಗೇಮ್ ಮೋಡ್, ಕುರ್ಚಿ.

ನಾನು ಕೂತ ಜಾಗದಿಂದ ಟಿವಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಇವರ ಬೆನ್ನ ಹಿಂದಿನ ಬಿಳಿ ಗೋಡೆ. ಟಿವಿಯ ಬೆಳಕು ಅದರ ಮೇಲೆ ಮಬ್ಬಾಗಿ, ತಿಳಿಹಳದಿಯಾಗಿ ಬಿದ್ದಿತ್ತು. ಮೊದಲ ಓವರಿನಲ್ಲಿ ಹತ್ತು. ಎರಡನೆಯದರಲ್ಲಿ ಎಂಟು. ನಾನು ಮಾವಿನಕಾಯಿಯ ಓಟೆ ಬಿಡಿಸುತ್ತಾ ಗೋಡೆ ನೋಡುತ್ತಿದ್ದೆ. ಗೋಡೆ ಒಮ್ಮೆಲೇ ಗಿಳಿಹಸಿರಾಯಿತು.

"ಹೋತು," ಎಂದರು ಇವರು. ಬೌಲ್ಡ್.

ನನಗೆ ಆಗಲೂ ಹೊಳೆಯಲಿಲ್ಲ ಎಂದರೆ ನಂಬಿ. ಇವರು ಟಿವಿ ಆರಿಸಿದರು, ಕೈ ಒತ್ತಿಕೊಂಡರು, ಮತ್ತೆ ಹಚ್ಚಿ ಗೇಮ್ ಮೋಡ್ ಹಾಕಿದರು. ಗೋಡೆ ತಿಳಿಹಳದಿ. ಒಂದು ಓವರ್. ಎರಡು ಓವರ್. ಗೋಡೆ ಗಿಳಿಹಸಿರು. "ಹೋತು." ಆಗ ಸೀತಾಬರ್ಡಿಯ ಅಂಗಡಿ ಕಣ್ಣ ಮುಂದೆ ಬಂತು. ಬೆಳಕು ಇಳಿಸಿದ್ದು, ಮೂರು ಸಲ "ಇಸ್ಸೆ ಕಮ್ ನಹೀಂ" ಎಂದದ್ದು, ಯಾರೂ ಮುಟ್ಟದೆ ಅದು ಝಗ್ಗೆಂದದ್ದು. ಆ ಗಿಳಿಹಸಿರೇ ಇದು.

ಇವರು ಪೆನ್ನು ಹುಡುಕಲು ಎದ್ದಿದ್ದರು.

"ತಡೀರಿ," ಎಂದೆ. "ರಿಮೋಟ್ ಕೊಡ್ರಿ."

"ಯಾಕ?"

"ಕೊಡ್ರಿ ಅಂದೆ."

ಕೈಗೆ ಮಾವಿನ ಸೊನೆ. ಸೆರಗಿಗೆ ಒರೆಸಿಕೊಂಡು, ನನ್ನ ಕಸುಬಿನ ಕಟ್ಟುನಿಟ್ಟು ಮುರಿದು, ಟಿವಿಯ ಒಳಗಿನ ಸೆಟ್ಟಿಂಗ್ ಒಂದೊಂದಾಗಿ ತೆರೆದೆ. ಮೊದಲು ಚಿತ್ರದ ಪುಟ. ಐದು ನಿಮಿಷದ ಹಿಂದೆ ಇವರು ಹಾಕಿದ್ದ ಗೇಮ್ ಮೋಡ್ ಅಲ್ಲಿ ಇರಲಿಲ್ಲ. ಆ ಜಾಗದಲ್ಲಿ ಅಂಗಡಿಯ ಝಗಮಗ ಬಂದು ಕೂತಿತ್ತು.

"ನಾ ಹಾಕಿದ್ದೆ," ಎಂದರು ಇವರು. "ನೀನ ನೋಡೀದಿ, ಹಾಕಿದ್ದೆ."

"ಹಾಕಿದ್ರಿ. ಇದ ತೆಗದೈತಿ."

ಎಲ್ಲಕ್ಕಿಂತ ಕೆಳಗಿನ ಪುಟದಲ್ಲಿ ಒಂದು ಸಾಲಿತ್ತು, ಈ ಟಿವಿ ಎಲ್ಲಿದೆ ಎಂದು ಕೇಳುವ ಸಾಲು. ಉತ್ತರ ಎರಡೇ, ಮನೆ ಅಥವಾ ಅಂಗಡಿ. ಗುರುತು ಅಂಗಡಿಯ ಮುಂದೆ ಇತ್ತು. ಏಳು ವಾರದಿಂದ ನಮ್ಮ ನಡುಮನೆಯ ಟ್ರಂಕಿನ ಮೇಲೆ ಕೂತು ಆ ಟಿವಿ ತಾನು ಇನ್ನೂ ಶೋರೂಮಿನ ಗೋಡೆಯ ಮೇಲೇ ಇದ್ದೇನೆ ಎಂದುಕೊಂಡಿತ್ತು. ಗಿರಾಕಿ ಬಂದು ಏನಾದರೂ ಒತ್ತಿ ಹೋದರೆ, ಮುಂದಿನ ಗಿರಾಕಿ ಬರುವಷ್ಟರಲ್ಲಿ ಎಲ್ಲವನ್ನೂ ಮೊದಲಿನಂತೆ ಹೊಳೆಯಿಸಿ ಇಡುವುದು ಅದಕ್ಕೆ ಹಾಕಿಕೊಟ್ಟ ಕೆಲಸ. ನನ್ನ ಗಂಡನೂ ಅದಕ್ಕೆ ಒಬ್ಬ ಗಿರಾಕಿ. ಐದು ನಿಮಿಷ ಕಾದು ಅವರ ಸೆಟ್ಟಿಂಗ್ ಅಳಿಸುತ್ತಿತ್ತು.

ಮನೆ ಎಂದು ಒತ್ತಿದೆ. ಪರದೆ ಒಮ್ಮೆ ಕಪ್ಪಾಗಿ ಬಂತು. ಗೇಮ್ ಮೋಡ್ ಹಾಕಿ ಜಾಯ್‌ಸ್ಟಿಕ್ ಅವರ ಕೈಗೆ ಕೊಟ್ಟೆ.

ಮೂರನೆಯ ಓವರ್ ಬಂತು. ನಾನು ಗೋಡೆಯನ್ನೇ ನೋಡುತ್ತಿದ್ದೆ, ತಿಳಿಹಳದಿಯೇ ಇತ್ತು. ನಾಲ್ಕನೆಯದು, ಐದನೆಯದು. ಏಳನೆಯದರಲ್ಲಿ ಔಟಾದರು, ಎತ್ತಿ ಹೊಡೆಯಲು ಹೋಗಿ ಕ್ಯಾಚು ಕೊಟ್ಟು. "ಅದು ನನ್ನ ತಪ್ಪು," ಎಂದರು, ಕುರ್ಚಿಯ ತುದಿಗೆ ಸರಿದು. ಹತ್ತು ಓವರೂ ಮುಗಿದವು. ಇನ್ನೂ ಹತ್ತು ಆಡಿದರು. ಕೈ ನೋಯುತ್ತದೆ ಎಂದರು. ನೋವು ಬೇರೆ, ತಡ ಬೇರೆ ಎಂದು ಅವರೇ ಹೇಳಿದರು.

ಆಮೇಲೆ ಜಾಯ್‌ಸ್ಟಿಕ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಅವತ್ತ ನಾ ಕೇಳಿದ್ನಲ್ಲಾ, ಟಿವಿನ ತಡಾ ಮಾಡತೈತೇನ ಅಂತ."

"ಕೇಳಿದ್ರಿ."

"ನೀ ಏನಂದಿ?"

"ನಿಮ್ಮ ಕೈ ಬಲತಿಲ್ಲ ಅಂದೆ."

"ನಾ ನಂಬಿದೆ."

ಅಷ್ಟೇ ಅಂದರು. ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು. ಟಿವಿಯನ್ನು ಸುಮ್ಮನೆ ಸಮರ್ಥಿಸಿದೆನೆಂದು ನಾನೂ ಅಂದುಕೊಂಡಿದ್ದೆ. ನಿಜವಾಗಿ ನಾನು ಕಾಪಾಡಿಕೊಂಡದ್ದು ನನ್ನ ಏಳೂವರೆ ಸಾವಿರದ ಉಳಿತಾಯವನ್ನು, ಬಲಿ ಕೊಟ್ಟದ್ದು ಅವರ ಕೈಯನ್ನು. "ನನ್ನ ತಪ್ಪ್ರಿ," ಎಂದೆ. ಈ ಮಾತನ್ನು ನಾನು ಯಾವ ಅಂಗಡಿಯಲ್ಲೂ ಆಡಿದವಳಲ್ಲ. ಹೇಳಿ ಮಾವಿನಕಾಯಿಗೆ ಉಪ್ಪು ಬೆರೆಸಲು ಹೋದೆ. ಎರಡು ಸಲ ಉಪ್ಪು ಬಿತ್ತು. ಆ ವರ್ಷದ ಉಪ್ಪಿನಕಾಯಿಯನ್ನು ಬೆಳಗಾವಿಯವನೊಬ್ಬನೇ ಹೊಗಳಿದ.

ಸೋಮವಾರ ಅರ್ಜಿ ಹೋಗಲಿಲ್ಲ. ಡಾಕ್ಟರು ನೋಡಿದರು, ಇನ್ನೂ ಒಂದು ತಿಂಗಳು ಕಾಯಿರಿ ಎಂದರು. ಆ ಒಂದು ತಿಂಗಳು ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಆಮೇಲೆ ಅರ್ಧ ದಿನ ಯಂತ್ರ, ಈಗ ಪೂರ್ತಿ. ಮಳೆ ಹಿಡಿದಾಗ ಮಣಿಕಟ್ಟು ಹಿಡಿಯುತ್ತದೆ. ಕಳೆದ ವಾರ ಜೇಬಿನಿಂದ ಒಂದು ಕಬ್ಬಿಣದ ಸುರುಳಿ ತೆಗೆದು ಟ್ರಂಕಿನ ಮೇಲಿಟ್ಟರು. ನಾನು ಅದನ್ನು ಇನ್ನೂ ತೆಗೆದಿಲ್ಲ.

ಟಿವಿ ಮಾರಲಿಲ್ಲ. ಕೇಳಿದವರಿದ್ದಾರೆ, ಇವರು ಬಿಡುವುದಿಲ್ಲ.

ನೀವೂ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುವ ಯೋಚನೆಯಲ್ಲಿದ್ದರೆ ಮಾಡಿಕೊಳ್ಳಿ, ನಾನು ಬೇಡ ಎನ್ನುವುದಿಲ್ಲ. ಲೆಕ್ಕ ಈಗಲೂ ಲಾಭದ್ದೇ. ಆದರೆ ಅಂಗಡಿಗೆ ಹೋಗುವಾಗ ಯಾರದಾದರೂ ಲ್ಯಾಪ್‌ಟಾಪು, ಒಂದು ತಂತಿ ಜೊತೆಗಿರಲಿ. ಸಿಕ್ಕಿಸಿ ಮೌಸನ್ನು ಬಿರುಸಾಗಿ ಆಡಿಸಿ. ಬಾಣದ ಗುರುತು ನಿಮ್ಮ ಕೈಯ ಜೊತೆ ಓಡಬೇಕು, ಹಿಂದೆ ಬಿದ್ದು ಬರಬಾರದು. ಗೇಮ್ ಮೋಡ್ ಹಾಕಿಸಿ ಮತ್ತೊಮ್ಮೆ ನೋಡಿ, ಆಮೇಲೆ ಹತ್ತು ನಿಮಿಷ ಬೆಲೆಯ ಮಾತಾಡಿ, ಮೂರನೆಯ ಸಲ ನೋಡಿ. ಅಕ್ಷರದ ಅಂಚು ಕಣ್ಣಿಗೆ ಚುಚ್ಚಿದರೆ ಎರಡು ಹೆಜ್ಜೆ ಹಿಂದೆ ಕೂರುವಷ್ಟು ಜಾಗ ಮನೆಯಲ್ಲಿದೆಯೇ ಎಂದು ಮೊದಲೇ ಅಳೆದಿಟ್ಟುಕೊಳ್ಳಿ. ಡಿಸ್‌ಪ್ಲೇ ಪೀಸಾದರೆ ಅದು ಇರುವ ಜಾಗ ಮನೆ ಎಂದು ನಿಮ್ಮ ಕಣ್ಣ ಮುಂದೆ ಬದಲಿಸಿಕೊಡುವ ತನಕ ದುಡ್ಡು ಬಿಚ್ಚಬೇಡಿ. ಮುಚ್ಚಳಕ್ಕೆ ಐನೂರು ಇಳಿಸುವುದನ್ನಂತೂ ಮರೆಯಬೇಡಿ.

ಇಷ್ಟೆಲ್ಲ ಮಾಡಿ ತಂದ ಮೇಲೂ ಮನೆಯಲ್ಲಿ ಯಾರಾದರೂ "ಇದೇ ತಡ ಮಾಡುತ್ತಿದೆಯೇನೋ" ಎಂದರೆ, ಎಷ್ಟಕ್ಕೆ ತಂದಿರಿ ಎಂಬುದನ್ನು ಆ ಹೊತ್ತಿಗೆ ನೆನಪಿಸಿಕೊಳ್ಳಬೇಡಿ. ಎದ್ದು ಹೋಗಿ ರಿಮೋಟು ಕೈಗೆ ತೆಗೆದುಕೊಳ್ಳಿ, ಸೆಟ್ಟಿಂಗಿನ ಕೊನೆಯ ಪುಟದವರೆಗೂ ನೋಡಿ.